ಸೋಮವಾರದ ತಲೆನೋವು: ಕೊಡಗಿನ ಒಂದು ಮೈಗ್ರೇನ್ ಪ್ರಕರಣ

ಮೈಗ್ರೇನ್‌ಗೆ ಮನೋಚಿಕಿತ್ಸೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಹಾಗಾದ್ರೆ ಈ ನೋವು ಮನಸ್ಸಿಂದ ಬರೋದಾ?" ಅಲ್ಲ. ಮೈಗ್ರೇನ್ ಮಿದುಳಿನ, ನರಗಳ ಕಾಯಿಲೆ. ಮನೆತನದಲ್ಲಿ ಹರಿದು ಬರುವುದು ಜಾಸ್ತಿ. ಗಂಡಸರಿಗಿಂತ ಹೆಂಗಸರನ್ನು ಎರಡು ಮೂರು ಪಟ್ಟು ಹೆಚ್ಚು ಕಾಡುತ್ತದೆ. ನಿಮ್ಹಾನ್ಸ್‌ನವರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯಲ್ಲಿ, 18ರಿಂದ 65 ವರ್ಷದವರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಬಂದಿತ್ತು. ಅಷ್ಟು ಸಾಮಾನ್ಯವಾದ ಕಾಯಿಲೆ ಇದು.

ಮಿದುಳಿನ ಕಾಯಿಲೆ ಅಂದ ಮೇಲೆ ಮಾತಿನ ಚಿಕಿತ್ಸೆಗೆ ಅಲ್ಲೇನು ಕೆಲಸ? ಅದನ್ನು ಒಂದು ಪ್ರಕರಣ ಹಿಡಿದೇ ಹೇಳುತ್ತೇನೆ. ನಾನು ಮಡಿಕೇರಿಯಲ್ಲಿ ಕೆಲಸ ಮಾಡುವ ಮನಶ್ಶಾಸ್ತ್ರಜ್ಞೆ. ಇದರಲ್ಲಿ ಬರುವ ಮಹಿಳೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಮನೆಯವರ ವಿವರ ಎಲ್ಲ ಬದಲಿಸಿದ್ದೇನೆ. ಅವರನ್ನು ಲತಾ ಎಂದು ಕರೆಯೋಣ.

ಹಿನ್ನೆಲೆ

ಲತಾ ಅವರಿಗೆ ಆಗ ನಲವತ್ತರ ಹತ್ತಿರ ವಯಸ್ಸು. ಗುಡ್ಡದ ಮಗ್ಗುಲಲ್ಲಿ ಮನೆ, ಸುತ್ತ ಕೆಲವು ಎಕರೆ ರೊಬಸ್ಟಾ ಕಾಫಿ, ಮರಗಳಿಗೆ ಹಬ್ಬಿಸಿದ ಕರಿಮೆಣಸು. ಮನೆಯಲ್ಲಿ ಗಂಡ, ಅತ್ತೆ, ಹೈಸ್ಕೂಲಿಗೆ ಹೋಗುವ ಮಗಳು. ಕಾಫಿಗೆ ಬೆಲೆ ಇಲ್ಲದ ಕಾಲದಲ್ಲಿ ಮನೆಯ ಎರಡು ರೂಮನ್ನು ಹೋಂಸ್ಟೇ ಮಾಡಿದ್ದರು. ಶುಕ್ರವಾರ ಸಂಜೆ ಬೆಂಗಳೂರಿನ ಕಾರುಗಳು ಬಂದರೆ ಭಾನುವಾರ ಮಧ್ಯಾಹ್ನದವರೆಗೆ ಲತಾ ಅವರಿಗೆ ಕೂರಲು ಪುರುಸೊತ್ತಿಲ್ಲ. ಅಕ್ಕಿ ರೊಟ್ಟಿ, ಕಡುಬು, ಪಂದಿ ಕರಿ, ನಡುವೆ ಹಾಸಿಗೆ ಬಟ್ಟೆ, ಬಿಸಿನೀರು. ತೋಟದ ಆಳುಗಳ ಲೆಕ್ಕ ಬರೆಯುವುದೂ ಅವರೇ.

ತಲೆನೋವು ಶುರುವಾದದ್ದು ಪಿಯುಸಿ ಓದುವಾಗ. ಎಡಗಡೆ ಕಣ್ಣಿನ ಹಿಂದಿನಿಂದ ಎದ್ದು ಅರ್ಧ ತಲೆ ಪಟಪಟ ಬಡಿಯುವುದು, ವಾಂತಿ, ಬೆಳಕು ಕಂಡರಾಗದು, ಒಗ್ಗರಣೆ ವಾಸನೆ ಬಂದರೂ ಹೊಟ್ಟೆ ತೊಳೆಸುವುದು. ಮೆಟ್ಟಿಲು ಹತ್ತಿದರೆ ಇನ್ನೂ ಜಾಸ್ತಿ. ಪುಸ್ತಕದಲ್ಲಿರುವ ಮೈಗ್ರೇನ್ ಹೀಗೇ ಇರುತ್ತದೆ. ಔಷಧಿ ಇಲ್ಲದೆ ಬಿಟ್ಟರೆ ಒಂದು ಸಲದ ನೋವು 4 ಗಂಟೆಯಿಂದ 72 ಗಂಟೆವರೆಗೂ ಎಳೆಯಬಹುದು. ಬಸುರಿಯಾಗಿದ್ದಾಗ ನೋವು ಪೂರ್ತಿ ನಿಂತಿತ್ತು, ಹೆರಿಗೆಯಾದ ಮೇಲೆ ಮತ್ತೆ ಬಂತು. ಇದೂ ಬಹಳ ಹೆಂಗಸರು ಹೇಳುವ ಕಥೆಯೇ.

ಮೊದಲೆಲ್ಲ ತಿಂಗಳಿಗೆ ಎರಡು ಮೂರು ಸಲ. ನನ್ನ ಬಳಿ ಬರುವ ಹೊತ್ತಿಗೆ ತಿಂಗಳ ಅರ್ಧಕ್ಕಿಂತ ಹೆಚ್ಚು ದಿನ ತಲೆನೋವು ಇತ್ತು. ಮೈಸೂರಿನಲ್ಲಿ ನರರೋಗ ತಜ್ಞರಿಗೆ ತೋರಿಸಿ, ಸ್ಕ್ಯಾನ್ ಮಾಡಿಸಿ, ಬೇರೆ ತೊಂದರೆ ಇಲ್ಲ ಅಂತ ಆಗಿತ್ತು. ಈ ಹಂತವನ್ನು ಯಾರೂ ಬಿಡಬಾರದು. ಹಿಂದೆಂದೂ ಕಾಣದ ಭಾರೀ ನೋವು ಒಮ್ಮೆಲೇ ಎದ್ದರೆ, ಜ್ವರದ ಜೊತೆ ಕತ್ತು ಬಿಗಿದರೆ, ಕೈಕಾಲು ಶಕ್ತಿ ಕಳೆದುಕೊಂಡರೆ, ಐವತ್ತು ದಾಟಿದ ಮೇಲೆ ಹೊಸದಾಗಿ ತಲೆನೋವು ಬಂದರೆ, ಮೊದಲು ಹೋಗಬೇಕಾದದ್ದು ಆಸ್ಪತ್ರೆಗೆ, ನನ್ನಂಥವರ ಬಳಿಗಲ್ಲ.

ತಜ್ಞರು ನೋವು ಬರದಂತೆ ದಿನಾ ತೆಗೆದುಕೊಳ್ಳುವ ಫ್ಲುನಾರಿಜಿನ್ ಕೊಟ್ಟಿದ್ದರು. ಅದರಿಂದ ನಿದ್ದೆ ಎಳೆಯುತ್ತದೆ, ತೂಕ ಏರುತ್ತದೆ ಅಂತ ಲತಾ ಎರಡು ತಿಂಗಳಿಗೇ ನಿಲ್ಲಿಸಿಬಿಟ್ಟಿದ್ದರು, ಯಾರಿಗೂ ಹೇಳದೆ. ಆಮೇಲೆ ಉಳಿದದ್ದು ಮೆಡಿಕಲ್ ಶಾಪಿನಲ್ಲಿ ಸಿಗುವ, ಪ್ಯಾರಾಸಿಟಮಾಲ್ ಜೊತೆ ಕೆಫೀನ್ ಸೇರಿದ ನೋವಿನ ಮಾತ್ರೆ. ಹಾಳೆಗಟ್ಟಲೆ.

ಸಮಸ್ಯೆ ಎಲ್ಲಿತ್ತು

ಅವರು ಬಂದದ್ದು ಕೋಪದಲ್ಲಿ. ಒಬ್ಬ ಡಾಕ್ಟರು "ಟೆನ್ಷನ್ ಜಾಸ್ತಿ, ಕೌನ್ಸೆಲಿಂಗ್ ಮಾಡಿಸ್ಕೊಳ್ಳಿ" ಅಂತ ಚೀಟಿ ಕೊಟ್ಟು ಕಳಿಸಿದ್ದರು.

"ಮೇಡಂ, ನಾನು ನಾಟಕ ಮಾಡ್ತಿಲ್ಲ. ನಂಗೆ ನಿಜವಾಗ್ಲೂ ತಲೆ ಸಿಡೀತದೆ," ಅಂದರು ಕೂರುವ ಮೊದಲೇ.

ಇಲ್ಲಿ ಮೊದಲ ನಿರ್ಧಾರ ತೆಗೆದುಕೊಳ್ಳಬೇಕಾಯಿತು. ಒತ್ತಡ, ಮನೆ, ಸಂಬಂಧ ಯಾವುದನ್ನೂ ಕೇಳದೆ, ಆ ದಿನ ಪೂರ್ತಿ ಮೈಗ್ರೇನ್ ಅಂದರೆ ಏನು ಅಂತಷ್ಟೇ ಮಾತಾಡಿದೆವು. ಇಂಥವರ ಮಿದುಳು ಬದಲಾವಣೆಯನ್ನು ಬೇಗ ಹಿಡಿಯುತ್ತದೆ. ನಿದ್ದೆ ಹೆಚ್ಚುಕಮ್ಮಿ, ಊಟ ತಪ್ಪುವುದು, ಮುಟ್ಟಿನ ದಿನ, ಬಿಸಿಲು, ಆತಂಕ ಒಂದೊಂದೂ ಸ್ವಲ್ಪ ಸ್ವಲ್ಪ ಸೇರುತ್ತದೆ. ತೋಟದ ಕೆರೆಗೆ ನಾಲ್ಕು ಕಡೆಯಿಂದ ನೀರು ಬಂದು ಕೋಡಿ ಬೀಳುವಾಗ, ಕೊನೆಗೆ ಬಂದ ನೀರನ್ನೇ ಬೈಯುತ್ತೇವೆ ಅಲ್ವಾ, ಹಾಗೆ ನಾವು ತಿಂದ ಮೊಸರನ್ನೋ ಕಿತ್ತಳೆಯನ್ನೋ ಬೈಯುತ್ತೇವೆ. ಮನೋಚಿಕಿತ್ಸೆ ಮಾಡುವುದು ಅದರಲ್ಲಿ ಒಂದೆರಡು ಕಡೆಯ ನೀರು ತಿರುಗಿಸುವ ಕೆಲಸ. ಕೆರೆ ಇಲ್ಲ ಅಂತ ಯಾರೂ ಹೇಳುತ್ತಿಲ್ಲ.

ಇದನ್ನು ಕೇಳಿದ ಮೇಲೆ ಅವರು ಕೂತರು. ನನ್ನ ಅನುಭವದಲ್ಲಿ ಮೈಗ್ರೇನ್ ಇರುವವರು ಚಿಕಿತ್ಸೆ ಬಿಟ್ಟು ಹೋಗುವುದು ಬಹಳ ಸಲ ಈ ಮೊದಲ ಭೇಟಿಯಲ್ಲೇ. ನೋವನ್ನು ನಂಬಲಿಲ್ಲ ಅನ್ನಿಸಿದರೆ ಮುಂದಿನದು ಏನೂ ನಡೆಯುವುದಿಲ್ಲ.

ಎರಡನೆಯದು ದಿನಚರಿ. ಪ್ರತ್ಯೇಕ ಪುಸ್ತಕ ಕೊಡಲಿಲ್ಲ. ಆಳುಗಳ ಹಾಜರಿ ಬರೆಯುವ ಪುಸ್ತಕದ ಹಿಂಬದಿಯಲ್ಲೇ ಗೆರೆ ಹಾಕಿಕೊಳ್ಳಲು ಹೇಳಿದೆ, ಹೇಗೂ ದಿನಾ ಸಂಜೆ ಅದನ್ನು ತೆಗೆಯುತ್ತಾರೆ. ನೋವು ಇತ್ತಾ, ಎಷ್ಟು, ಮಾತ್ರೆ ಎಷ್ಟು, ಮಾತ್ರೆ ಯಾಕೆ ತಗೊಂಡೆ. ಈ ಕೊನೆಯ ಕಾಲಂ ಸಾಮಾನ್ಯವಾಗಿ ಇರುವುದಿಲ್ಲ. ನಾನು ಯಾವಾಗಲೂ ಸೇರಿಸುತ್ತೇನೆ.

ನಾಲ್ಕು ವಾರದ ಪುಟ ನೋಡಿದಾಗ ಎರಡು ವಿಷಯ ಎದ್ದು ಕಂಡವು.

ಒಂದು, ಮಾತ್ರೆ ನುಂಗಿದ ದಿನಗಳು ತಿಂಗಳಿಗೆ ಇಪ್ಪತ್ತರ ಹತ್ತಿರ. ಅದರಲ್ಲಿ ಸುಮಾರು ಅರ್ಧ ದಿನ ನುಂಗುವಾಗ ನೋವೇ ಇರಲಿಲ್ಲ. ಯಾಕೆ ಅನ್ನುವ ಕಾಲಂನಲ್ಲಿ "ನಾಳೆ ಗೆಸ್ಟ್", "ಮದುವೆಗೆ ಹೋಗಬೇಕು", "ಮಗಳ ಸ್ಕೂಲ್ ಮೀಟಿಂಗ್", "ಸುಮ್ನೆ, ಭಯಕ್ಕೆ" ಅಂತ ಇತ್ತು. ಸುಮ್ನೆ, ಭಯಕ್ಕೆ. ಇಡೀ ಪ್ರಕರಣ ಆ ಎರಡು ಪದದಲ್ಲಿ ಇತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಇದರ ಅಪಾಯ ಬಹಳ ಜನರಿಗೆ ಗೊತ್ತಿಲ್ಲ. ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಎರಡು ಮೂರು ಔಷಧಿ ಸೇರಿದ ಮಾತ್ರೆಯನ್ನಾಗಲಿ ಮೈಗ್ರೇನ್‌ಗೆಂದೇ ಕೊಡುವ ಟ್ರಿಪ್ಟಾನ್ ಬಗೆಯದ್ದನ್ನಾಗಲಿ 10 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ತೆಗೆದುಕೊಂಡರೆ ಆ ಮಾತ್ರೆಯೇ ತಲೆನೋವು ತರಿಸಲು ಶುರುಮಾಡಬಹುದು. ಅಂತರರಾಷ್ಟ್ರೀಯ ತಲೆನೋವು ಸಂಘದ ವರ್ಗೀಕರಣದಲ್ಲಿ ಇದಕ್ಕೆ ಬೇರೆ ಹೆಸರು, ಬೇರೆ ಜಾಗವೇ ಇದೆ. ಲತಾ ಆ ಗೆರೆ ಯಾವತ್ತೋ ದಾಟಿದ್ದರು.

ಎರಡು, ದೊಡ್ಡ ನೋವುಗಳು ಬಹುಪಾಲು ಸೋಮವಾರ. ಅವರು ಇದಕ್ಕೆ ಭಾನುವಾರದ ಮಿಕ್ಕ ಪಂದಿ ಕರಿಯನ್ನು ದೂರುತ್ತಿದ್ದರು, ತಿನ್ನುವುದೂ ಬಿಟ್ಟಿದ್ದರು. ಆದರೆ ಗೆಸ್ಟ್ ಇಲ್ಲದ ವಾರ ಸೋಮವಾರ ನೋವಿಲ್ಲ. ಗೆಸ್ಟ್ ಇದ್ದ ಮೂರು ದಿನ, ಅಷ್ಟು ಓಡಾಟದ ನಡುವೆ, ತಲೆ ಸುಮ್ಮನಿರುತ್ತಿತ್ತು. ಎಲ್ಲರೂ ಹೋದ ಮೇಲೆ, ಅಬ್ಬಾ ಅಂತ ಕೂತ ಮೇಲೆ, ಶುರು. ನ್ಯೂಯಾರ್ಕ್‌ನ ರಿಚರ್ಡ್ ಲಿಪ್ಟನ್ ಅವರ ತಂಡ 2014ರಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟಿಸಿತ್ತು. ಒತ್ತಡ ಏರಿದಾಗಲ್ಲ, ಏರಿದ್ದು ಇಳಿಯಲು ಶುರುವಾದ ಮೊದಲ ಆರು ಗಂಟೆಯಲ್ಲಿ ಮೈಗ್ರೇನ್ ಏಳುವ ಸಾಧ್ಯತೆ ಸುಮಾರು ಐದು ಪಟ್ಟು ಹೆಚ್ಚು ಅಂತ ಅದರಲ್ಲಿ ಕಂಡಿತ್ತು. ಲತಾ ಸೋಮವಾರ ಏನು ಮಾಡುತ್ತಿದ್ದರು ಅಂತ ಕೇಳಿದೆ. ಹತ್ತು ಗಂಟೆವರೆಗೆ ಮಲಗುವುದು, ತಿಂಡಿ ಬಿಡುವುದು, ಬೆಳಗಿನ ಕಾಫಿ ಮಧ್ಯಾಹ್ನ. ಒತ್ತಡ ಇಳಿಯುವ ದಿನವೇ ನಿದ್ದೆ, ಊಟ, ಕೆಫೀನ್ ಮೂರೂ ಒಟ್ಟಿಗೆ ಏರುಪೇರು.

ಇನ್ನೊಂದು ದಿನಚರಿಯಲ್ಲಿ ಬರೆದಿರಲಿಲ್ಲ, ಮಾತಿನಲ್ಲಿ ಬಂತು. ನೋವು ಬಂದೀತು ಅಂತ ಬಿಟ್ಟವುಗಳ ಪಟ್ಟಿ. ಮೊಸರು, ಕಿತ್ತಳೆ, ಮದುವೆ ಮನೆ, ಮೈಸೂರಿಗೆ ಬಸ್ಸು, ಮಗಳ ಜೊತೆ ಸಂಜೆ ನಡೆದು ಹೋಗುವುದು. ಮಾರ್ಚ್‌ನಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದಾಗ ಆ ಘಮಕ್ಕೆ ತಲೆನೋವು ಬರುತ್ತದೆ ಅಂತ ಅವರು ಕಿಟಕಿ ಹಾಕಿ ಒಳಗೇ ಇರುತ್ತಿದ್ದರು. ಕಾಫಿ ಬೆಳೆಗಾರರ ಮನೆಯಲ್ಲಿ ಹೂವಿನ ವಾರ ಅಂದರೆ ವರ್ಷದ ಲೆಕ್ಕ ನಿಲ್ಲುವ ವಾರ. ಅದನ್ನು ನೋಡಲೂ ಆಗದೆ ಕೂತಿರುವುದು ಎಂಥ ನಷ್ಟ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಹಾಗಾಗಿ ನೋವಿನ ದಿನಗಳಷ್ಟೇ ಅಲ್ಲ, ನೋವಿಲ್ಲದ ದಿನಗಳನ್ನೂ ಮೈಗ್ರೇನ್ ನುಂಗಿತ್ತು. ನಾನು ಗುರಿ ಇಟ್ಟದ್ದು ಮೊದಲು ಆ ನೋವಿಲ್ಲದ ದಿನಗಳ ಮೇಲೆ.

ಮಾಡಿ ನೋಡಿದ್ದು

ಮೊದಲ ಕೆಲಸ ಮಾತ್ರೆ ನಿಲ್ಲಿಸುವುದು. ಇದು ಮನಶ್ಶಾಸ್ತ್ರಜ್ಞರು ಒಬ್ಬರೇ ಮಾಡುವ ಕೆಲಸವಲ್ಲ. ದಿನಚರಿ ಸಮೇತ ಅವರನ್ನು ಮತ್ತೆ ಮೈಸೂರಿನ ತಜ್ಞರಿಗೆ ಕಳಿಸಿದೆ. ಅವರು ನೋವು ಬರದಂತೆ ತಡೆಯಲು ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್ ಶುರುಮಾಡಿದರು, ದೊಡ್ಡ ನೋವಿಗೆ ಮಾತ್ರ ಸುಮಾಟ್ರಿಪ್ಟಾನ್ ಬರೆದರು, ಹಳೆಯ ಮಾತ್ರೆ ಒಮ್ಮೆಲೇ ಬಿಡಲು ಹೇಳಿದರು. ಬಿಟ್ಟ ಮೊದಲ ವಾರ ಹತ್ತು ದಿನ ನೋವು ಕಡಿಮೆಯಾಗುವ ಬದಲು ಏರುತ್ತದೆ. ಅದನ್ನು ಮೊದಲೇ ಹೇಳಿಬಿಟ್ಟೆವು.

ಯಾವಾಗ ಬಿಡುವುದು ಅನ್ನುವುದನ್ನು ನಾನು ಅವರಿಗೇ ಬಿಟ್ಟೆ. ಅವರು ಆರಿಸಿದ್ದು ಕಕ್ಕಡ, ಅಂದರೆ ಆಟಿ ತಿಂಗಳು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಮದುವೆ ಮುಂಜಿ ಇಲ್ಲ, ಗೆಸ್ಟ್ ಕಡಿಮೆ, ತೋಟದಲ್ಲೂ ಜೋರು ಕೆಲಸವಿಲ್ಲ. ನನಗೆ ಹೊಳೆಯದ ಲೆಕ್ಕ ಅದು. ಚಿಕಿತ್ಸೆಯ ವೇಳಾಪಟ್ಟಿ ಊರಿನ ವೇಳಾಪಟ್ಟಿಯ ಮೇಲೆ ಕೂತರೆ ಮಾತ್ರ ನಿಲ್ಲುತ್ತದೆ.

ಅದಕ್ಕೆ ಮುಂಚಿನ ವಾರಗಳಲ್ಲಿ ದೇಹ ಸಡಿಲಿಸುವ ಅಭ್ಯಾಸ ಕಲಿಸಿದೆ. ಎಡ್ಮಂಡ್ ಜೇಕಬ್‌ಸನ್ ಎಂಬ ಅಮೆರಿಕದ ವೈದ್ಯರು ಸುಮಾರು ನೂರು ವರ್ಷದ ಹಿಂದೆ ರೂಪಿಸಿದ್ದು: ಒಂದೊಂದೇ ಸ್ನಾಯುವನ್ನು ಬಿಗಿ ಮಾಡಿ, ಬಿಟ್ಟು, ಆ ವ್ಯತ್ಯಾಸ ಗಮನಿಸುವುದು. ಲತಾ ಅವರಿಗೆ ಕತ್ತು ಭುಜ ಬಿಗಿ ಮಾಡಿದರೆ ನೋವೇ ಎದ್ದೇಳುತ್ತಿತ್ತು. ಅದನ್ನು ಕೈಬಿಟ್ಟು ಕೈಕಾಲು, ಹೊಟ್ಟೆ, ದವಡೆ ಮಾತ್ರ ಉಳಿಸಿಕೊಂಡೆವು. ಜೊತೆಗೆ ಕೈ ಬಿಸಿ ಮಾಡಿಕೊಳ್ಳುವ ಅಭ್ಯಾಸ. ಬೆರಳಿಗೆ ಸಣ್ಣ ತಾಪಮಾಪಕ ಸಿಕ್ಕಿಸಿ, ಉಸಿರು ನಿಧಾನ ಮಾಡಿ, ಬೆರಳಿನ ಬಿಸಿ ಏರುವುದನ್ನು ಕಣ್ಣಾರೆ ನೋಡುವುದು. ದೇಹ ಉದ್ವೇಗದಲ್ಲಿದ್ದಾಗ ಬೆರಳಿನ ರಕ್ತನಾಳ ಬಿಗಿಯುತ್ತದೆ, ಸಡಿಲಿಸಿದಾಗ ರಕ್ತ ಹರಿದು ಬೆರಳು ಬಿಸಿಯಾಗುತ್ತದೆ. 1970ರ ಹೊತ್ತಿಗೆ ಅಮೆರಿಕದ ಮೆನಿಂಜರ್ ಕ್ಲಿನಿಕ್‌ನಲ್ಲಿ ಮೈಗ್ರೇನ್‌ಗೆ ಇದನ್ನು ಬಳಸಲು ಶುರುಮಾಡಿದರು. ಮಡಿಕೇರಿಯ ಜುಲೈ ಚಳಿಯಲ್ಲಿ ಬೆರಳು ಬಿಸಿ ಮಾಡುವುದು ಸುಲಭವಲ್ಲ, ಕಂಬಳಿ ಹೊದ್ದೇ ಮಾಡಿದರು. ಆದರೆ ಅಂಕಿ ಏರಿದ್ದನ್ನು ಮೊದಲ ಸಲ ನೋಡಿದಾಗ ಅವರ ಮುಖ ಬದಲಾಯಿತು. "ನಾನೇ ಮಾಡಿದ್ದಾ ಇದು?" ಅಂದರು. ಇಪ್ಪತ್ತು ವರ್ಷ ತನ್ನ ದೇಹ ತನ್ನ ಮಾತು ಕೇಳುವುದಿಲ್ಲ ಅಂದುಕೊಂಡವರಿಗೆ ಆ ಕ್ಷಣ ದೊಡ್ಡದು.

ಮಾತ್ರೆ ಬಿಟ್ಟ ವಾರ

ಆರನೆಯ ದಿನದವರೆಗೆ ಹಲ್ಲು ಕಚ್ಚಿ ಇದ್ದರು. ಆ ರಾತ್ರಿ ಜೋರು ಮಳೆ, ಕರೆಂಟ್ ಇಲ್ಲ. ಬೆಳಗ್ಗೆ ಫೋನ್ ಬಂತು. ಪಕ್ಕದ ಮನೆಯಿಂದ ಎರಡು ಮಾತ್ರೆ ತರಿಸಿ ನುಂಗಿದ್ದರು. "ಎಲ್ಲ ಹಾಳಾಯ್ತು ಮೇಡಂ, ಬಿಟ್ಬಿಡೋಣ," ಅಂದರು.

ಇದು ಪ್ರಕರಣದ ಮುಖ್ಯ ತಿರುವು. ಬೈದರೆ ಅಥವಾ ಮತ್ತೆ ಮೊದಲಿನಿಂದ ಅಂದರೆ ಅಲ್ಲಿಗೇ ಮುಗಿಯುತ್ತಿತ್ತು. ಮಾತ್ರೆ ವಿಷಯ ಪಕ್ಕಕ್ಕಿಟ್ಟು, ಆ ರಾತ್ರಿ ಏನಾಯಿತು ಅಂತ ಕೇಳಿದೆ. ನೋವು ಅಷ್ಟೇನೂ ಇರಲಿಲ್ಲ. ನಿದ್ದೆಯೇ ಬಂದಿರಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಅವರ ಸಂಬಂಧಿಕರ ಮನೆ ಹೋಗಿತ್ತು. ಅಂದಿನಿಂದ ಪ್ರತಿ ಮಳೆಗಾಲ, ಮಳೆ ಜೋರಾದ ರಾತ್ರಿಗಳಲ್ಲಿ, ಇವರು ಎದ್ದು ಎದ್ದು ಟಾರ್ಚ್ ಹಿಡಿದು ಮನೆ ಹಿಂದಿನ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆ, ನೋಡಿ ಬರುತ್ತಿದ್ದರು. ಮನೆಯವರಿಗೂ ಪೂರ್ತಿ ಗೊತ್ತಿರಲಿಲ್ಲ.

ಆ ಭಯವನ್ನು ಅತಿ ಅಂತ ಹೇಳಲು ನನಗೆ ಹಕ್ಕಿಲ್ಲ. ಆ ವರ್ಷ ಕೊಡಗಿನಲ್ಲಿ ಇದ್ದವರಾರೂ ಹಾಗೆ ಹೇಳುವುದಿಲ್ಲ. ಆದ್ದರಿಂದ ಭಯ ಸುಳ್ಳು ಅಂತ ವಾದಿಸುವ ಬದಲು ಅದಕ್ಕೊಂದು ವ್ಯವಸ್ಥೆ ಮಾಡಿದೆವು. ಹಗಲು ಬೆಳಕಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಬರೆ, ಚರಂಡಿ, ಬಿರುಕು ನೋಡುವುದು. ಮಳೆಯ ರೆಡ್ ಅಲರ್ಟ್ ಬಂದ ದಿನ ಎಲ್ಲಿಗೆ ಹೋಗುವುದು ಅಂತ ಮೊದಲೇ ನಿರ್ಧರಿಸಿ ಬ್ಯಾಗ್ ಕಟ್ಟಿಡುವುದು. ಅಲರ್ಟ್ ಇಲ್ಲದ ರಾತ್ರಿ ಏಳುವುದಿಲ್ಲ. ಎಚ್ಚರವಾದರೆ ಹಾಸಿಗೆಯಲ್ಲೇ ಕೈ ಬಿಸಿ ಮಾಡುವ ಅಭ್ಯಾಸ. ಮಲಗುವ ಹೊತ್ತು, ಏಳುವ ಹೊತ್ತು ದಿನಾ ಒಂದೇ, ಹಗಲು ನಿದ್ದೆ ಇಲ್ಲ. ನಿದ್ದೆ ಸರಿಮಾಡುವುದು ಮೈಗ್ರೇನ್ ಚಿಕಿತ್ಸೆಯಲ್ಲಿ ಸಣ್ಣ ಕೆಲಸವಲ್ಲ, ನನ್ನ ಮಟ್ಟಿಗೆ ಅದು ಮೊದಲ ಸಾಲಿನದು.

ಮಾತ್ರೆ ಮತ್ತೆ ಬಿಟ್ಟರು. ಈ ಸಲ ಅತ್ತೆ ಜೊತೆ ಬಂದರು. ಮಂಜಿನಲ್ಲಿ ಬಸ್ಸಿನಿಂದಿಳಿದು ಸೊಸೆಯೊಂದಿಗೆ ಒಂದು ಗಂಟೆ ಕೂತರು. "ನಮ್ಮ ಕಾಲದಲ್ಲಿ ತಲೆನೋವು ಅಂತ ಯಾರು ಮಲಗ್ತಿದ್ರು?" ಅಂತ ಮನೆಯಲ್ಲಿ ಹೇಳುತ್ತಿದ್ದವರು ಇವರೇ. ಮಾತಿನ ನಡುವೆ ನಾನು ಮೈಗ್ರೇನ್‌ನ ಲಕ್ಷಣ ಹೇಳುತ್ತಿದ್ದಾಗ ಅವರು ತಡೆದರು. "ನನಗೂ ಇತ್ತು ಇದು. ತಲೆಗೆ ಬಟ್ಟೆ ಬಿಗಿದು ಗದ್ದೆಗೆ ಇಳೀತಿದ್ದೆ. ವಾಂತಿ ಮಾಡಿ ಬಂದು ಮತ್ತೆ ನಾಟಿ. ಮುಟ್ಟು ನಿಂತ ಮೇಲೆ ಹೋಯ್ತು. ಯಾರಿಗೆ ಹೇಳೋದು?" ಲತಾ ಅತ್ತೆಯ ಕಡೆಗೆ ತಿರುಗಿ ನೋಡಿದರು, ಏನೂ ಹೇಳಲಿಲ್ಲ. ಮುಟ್ಟು ನಿಂತ ಮೇಲೆ ಮೈಗ್ರೇನ್ ತಗ್ಗುವುದು ಬಹಳ ಹೆಂಗಸರಲ್ಲಿ ಆಗುವುದೇ. ಆದರೆ ಅಂದು ಆ ಮಾಹಿತಿಗಿಂತ ದೊಡ್ಡದು ಬೇರೆ ಇತ್ತು. ಆಗಸ್ಟ್ 3ರಂದು, ಕಕ್ಕಡದ ಹದಿನೆಂಟನೆಯ ದಿನ, ಮದ್ದು ಸೊಪ್ಪಿನ ಪಾಯಸ ಮಾಡಿ ಅತ್ತೆಯೇ ರೂಮಿಗೆ ತಂದುಕೊಟ್ಟರಂತೆ, ಕಿಟಕಿಯ ಪರದೆ ಎಳೆದು, ಮಾತಾಡದೆ.

ಗಂಡನಿಗೆ ಹೇಳಿದ್ದು ಎರಡೇ. ದಿನಾ ಬೆಳಗ್ಗೆ "ಇವತ್ತು ತಲೆ ಹೇಗಿದೆ?" ಅಂತ ಕೇಳುವುದನ್ನು ಬಿಡಿ. ಅವರು ಪ್ರೀತಿಯಿಂದಲೇ ಕೇಳುತ್ತಿದ್ದರು, ಆದರೆ ದಿನದ ಮೊದಲ ಗಮನವೇ ನೋವಿನ ಕಡೆ ಹೋಗುತ್ತಿತ್ತು. ಎರಡನೆಯದು, ಭಾನುವಾರದ ಊಟದ ನಂತರ ಹೋಂಸ್ಟೇ ನಿಮ್ಮ ಕೈಯಲ್ಲಿ. ಲೆಕ್ಕ, ರೂಮು, ಬಟ್ಟೆ ಎಲ್ಲ. ಇದನ್ನು ನಾನು ಒತ್ತಿ ಹೇಳಿದೆ. ಹೆಂಗಸಿಗೆ ಉಸಿರಾಟ ಕಲಿಸಿ, ಅವಳ ಮೇಲಿನ ಹೊರೆ ಹಾಗೇ ಬಿಟ್ಟು ಕಳಿಸುವುದು ಚಿಕಿತ್ಸೆ ಅಲ್ಲ. ಅದು ಇನ್ನಷ್ಟು ಹೊರಲು ತಯಾರಿ ಮಾಡಿದ ಹಾಗೆ ಆಗುತ್ತದೆ.

ಭಯದ ಕಡೆಗೆ

ಸೆಪ್ಟೆಂಬರ್‌ನಿಂದ ಯೋಚನೆಗಳ ಕೆಲಸ. "ಗೆಸ್ಟ್ ಇರುವಾಗ ನೋವು ಬಂದರೆ ಮುಗೀತು" ಅನ್ನುವುದು ಅವರ ಖಾಯಂ ಯೋಚನೆ. ಮುಗೀತು ಅಂದರೆ ಏನು? ಕೆದಕಿದಾಗ, ಹಿಂದೆ ಎರಡು ಸಲ ಹಾಗಾಗಿತ್ತು. ಒಂದು ಸಲ ಗಂಡ ಮೊಟ್ಟೆ ಸಾರು ಮಾಡಿದ್ದರು, ಇನ್ನೊಂದು ಸಲ ಮಗಳು ಮತ್ತು ಅತ್ತೆ ಸೇರಿ ಅಕ್ಕಿ ರೊಟ್ಟಿ ತಟ್ಟಿದ್ದರು. ಗೆಸ್ಟ್ ಯಾರೂ ದೂರಿರಲಿಲ್ಲ. ಅವರ ನೆನಪಿನಲ್ಲಿ ಮಾತ್ರ ಅದು ಅವಮಾನವಾಗಿ ಉಳಿದಿತ್ತು.

ಮಾತಿನಿಂದ ಭಯ ಹೋಗುವುದು ಕಡಿಮೆ, ಮಾಡಿ ನೋಡಿದರೆ ಹೋಗುತ್ತದೆ. ಒಂದು ಶುಕ್ರವಾರ ಮುನ್ನೆಚ್ಚರಿಕೆಯ ಮಾತ್ರೆ ಇಲ್ಲದೆ ಗೆಸ್ಟ್ ಬರಮಾಡಿಕೊಳ್ಳುವುದು ಅಂತ ಪರೀಕ್ಷೆ ಇಟ್ಟೆವು. ನೋವು ಬರುತ್ತದೆ ಅಂತ ಎಷ್ಟು ಖಾತ್ರಿ ಅಂತ ಮೊದಲೇ ಬರೆಸಿದೆ. ನೂರಕ್ಕೆ ತೊಂಬತ್ತು ಅಂದರು. ಬರಲಿಲ್ಲ. ಮುಂದಿನ ವಾರಕ್ಕೆ ಅರವತ್ತು ಅಂದರು, ಆ ಸಲ ಶನಿವಾರ ನೋವು ಬಂತು, ಸುಮಾಟ್ರಿಪ್ಟಾನ್ ಬೇಗ ತೆಗೆದುಕೊಂಡು ಕತ್ತಲೆ ಕೋಣೆಯಲ್ಲಿ ಮಲಗಿದರು, ಸಂಜೆಗೆ ಎದ್ದರು. ನನಗೆ ಈ ಎರಡನೆಯದೇ ಹೆಚ್ಚು ಬೆಲೆಯದ್ದಾಗಿ ಕಂಡಿತು. ನೋವು ಬಂದೂ ಏನೂ ಮುಳುಗಲಿಲ್ಲ ಅನ್ನುವುದು ಆಗ ಗೊತ್ತಾಯಿತು.

ಬಿಟ್ಟವುಗಳ ಪಟ್ಟಿಯಿಂದ ಒಂದೊಂದನ್ನೇ ವಾಪಸ್ ತಂದೆವು. ಮೈಗ್ರೇನ್ ತರಿಸುವುದನ್ನೆಲ್ಲ ದೂರ ಇಡಿ ಅನ್ನುವ ಹಳೆಯ ಸಲಹೆಯನ್ನು ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞ ಪಾಲ್ ಮಾರ್ಟಿನ್ ಪ್ರಶ್ನಿಸಿದ್ದಾರೆ. ಬಿಡುತ್ತಾ ಹೋದಂತೆ ಅದರ ಕಡೆಗಿನ ಸೂಕ್ಷ್ಮತೆ ಇನ್ನೂ ಏರಬಹುದು, ಆದ್ದರಿಂದ ಕೆಲವನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸಿ ಒಗ್ಗಿಸಿಕೊಳ್ಳಬೇಕು ಅನ್ನುವುದು ಅವರ ವಾದ. ಇದು ಎಲ್ಲದಕ್ಕೂ ಅಲ್ಲ. ಊಟ ಬಿಡುವುದು, ನಿದ್ದೆಗೆಡುವುದು ಇಂಥವನ್ನು ಒಗ್ಗಿಸಿಕೊಳ್ಳಲು ಹೋಗಬಾರದು. ನಾವು ಮೊಸರು, ಕಿತ್ತಳೆ, ಸಂಜೆ ನಡಿಗೆ ಇಷ್ಟರಿಂದ ಶುರುಮಾಡಿದೆವು. ಕಿತ್ತಳೆ ತಿಂದು ಏನೂ ಆಗಲಿಲ್ಲ. ಕೊಡಗಿನಲ್ಲಿದ್ದು ಆರು ವರ್ಷ ಕಿತ್ತಳೆ ಮುಟ್ಟಿರಲಿಲ್ಲ ಅವರು.

ಸೋಮವಾರಕ್ಕೆ ಬೇರೆ ನಿಯಮ. ಎಂದಿನ ಹೊತ್ತಿಗೇ ಏಳುವುದು, ಅದೇ ಹೊತ್ತಿಗೆ ಕಾಫಿ, ತಿಂಡಿ. ಆಮೇಲೆ ಅರ್ಧ ದಿನ ಹಗುರ ಕೆಲಸ, ಆಮೇಲೆ ವಿಶ್ರಾಂತಿ. ಒಮ್ಮೆಲೇ ಕುಸಿದು ಕೂರುವುದು ಬೇಡ, ಇಳಿಜಾರಿನಲ್ಲಿ ಇಳಿಯೋಣ ಅಂದೆ.

ಆದದ್ದು ಏನು

ಸೆಪ್ಟೆಂಬರ್ ಕೊನೆಗೆ ತಲೆನೋವಿನ ದಿನಗಳು ತಿಂಗಳಿಗೆ ಹತ್ತರ ಆಸುಪಾಸಿಗೆ ಇಳಿದಿದ್ದವು. ಮನೆಯವರಿಗೆ ಖುಷಿ. ನಾನು ಇದನ್ನು ಪೂರ್ತಿ ನಂಬಲಿಲ್ಲ. ಮಳೆಗಾಲದಲ್ಲಿ ಗೆಸ್ಟ್ ಕಡಿಮೆ, ಕೆಲಸ ಕಡಿಮೆ, ಮಾತ್ರೆ ಬಿಟ್ಟದ್ದು, ಅಮಿಟ್ರಿಪ್ಟಿಲಿನ್ ಕೆಲಸ ಮಾಡಲು ಶುರುವಾದದ್ದು ಎಲ್ಲ ಒಟ್ಟಿಗೆ ಬಂದಿತ್ತು. ನಿಜವಾದ ಪರೀಕ್ಷೆ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯಿಂದ ಮುಂದೆ. ಹಬ್ಬ, ಅದರ ಬೆನ್ನಿಗೆ ಕ್ರಿಸ್‌ಮಸ್ ರಜೆಯ ಗೆಸ್ಟ್, ಆಮೇಲೆ ಕಾಫಿ ಕುಯಿಲು, ಕಣದಲ್ಲಿ ಬಿಸಿಲು. ಹಾಗಾಗಿ ಭೇಟಿಗಳನ್ನು ಅಕ್ಟೋಬರ್‌ನಲ್ಲಿ ಮುಗಿಸದೆ, ಅಂತರ ಹೆಚ್ಚಿಸಿ ಫೆಬ್ರವರಿವರೆಗೆ ಎಳೆದೆ. ಇಂಥ ಊರಿನಲ್ಲಿ ಚಿಕಿತ್ಸೆ ಫಲಿಸಿತೋ ಇಲ್ಲವೋ ಅನ್ನುವುದನ್ನು ಸುಗ್ಗಿ ದಾಟದೆ ಹೇಳಬಾರದು.

ಹುತ್ತರಿ ದಿನವೇ ನೋವು ಬಂತು. ಮಧ್ಯಾಹ್ನದಿಂದ ಆಕಳಿಕೆ, ಕತ್ತು ಹಿಡಿತ, ವಾಸನೆ ಆಗದಿರುವುದು. ಇವು ನೋವಿಗೆ ಕಾರಣವಲ್ಲ, ನೋವು ಬರುವ ಮೊದಲೇ ಮಿದುಳಿನಲ್ಲಿ ಶುರುವಾದ ಮೈಗ್ರೇನ್‌ನ ಮುನ್ಸೂಚನೆ ಅಂತ ಅವರಿಗೆ ಈಗ ಗೊತ್ತಿತ್ತು. ಎರಡು ದಿನ ಮೊದಲೇ ಕೂಡ ಇಂಥ ಸೂಚನೆ ಕಾಣಬಹುದು. ಮೊದಲಾದರೆ ಹಬ್ಬವೇ ಹಾಳು ಅಂತ ನಾಲ್ಕು ಮಾತ್ರೆ ನುಂಗುತ್ತಿದ್ದರು. ಈ ಸಲ ನೋವು ಶುರುವಾದ ಕೂಡಲೇ ಒಂದು ಸುಮಾಟ್ರಿಪ್ಟಾನ್, ಎರಡು ಗಂಟೆ ಕತ್ತಲೆ ಕೋಣೆ. ರಾತ್ರಿ ಕದಿರು ತೆಗೆಯಲು ಗದ್ದೆಗೆ ಹೋಗಲಾಗಲಿಲ್ಲ. ಮನೆಯವರು ಕದಿರು ತಂದಾಗ ಬಾಗಿಲಲ್ಲಿ ದೀಪ ಹಿಡಿದು ನಿಂತಿದ್ದರು.

ಕುಯಿಲಿನ ತಿಂಗಳುಗಳಲ್ಲಿ ನೋವಿನ ದಿನ ಮತ್ತೆ ಸ್ವಲ್ಪ ಏರಿತು, ಆದರೆ ಹಿಂದಿನ ಮಟ್ಟಕ್ಕೆ ಹೋಗಲಿಲ್ಲ. ನೋವಿನ ಮಾತ್ರೆ ತಿಂಗಳಿಗೆ ಆರೇಳು ದಿನ ದಾಟಲಿಲ್ಲ. ದಿನಚರಿಯಲ್ಲಿ ಅತಿ ಹೆಚ್ಚು ಬದಲಾದದ್ದು ಯಾಕೆ ಅನ್ನುವ ಕಾಲಂ. ಭಯಕ್ಕೆ ಅಂತ ಬರೆದ ಸಾಲು ಡಿಸೆಂಬರ್ ನಂತರ ಕಾಣಲಿಲ್ಲ. ಕೆಲಸ ನಿಂತ ದಿನಗಳು ನೋವಿನ ದಿನಗಳಿಗಿಂತ ಬೇಗ, ಹೆಚ್ಚು ಇಳಿದವು.

ಮಾರ್ಚ್‌ನಲ್ಲಿ ಹೂ ಅರಳಿದಾಗ ಮೊದಲ ದಿನ ಅಂಗಳದವರೆಗೆ, ಎರಡನೆಯ ದಿನ ಮಗಳ ಜೊತೆ ತೋಟದೊಳಗೆ ಹೋದರು. ಮೂರನೆಯ ದಿನ ನೋವು ಬಂತು. ಹೂವಿನದೋ, ಮುಟ್ಟಿನದೋ ಹೇಳಲಾಗದು. ಆದರೂ ನಾಲ್ಕನೆಯ ದಿನ ಮತ್ತೆ ಹೋಗಿದ್ದರು.

ಇದರಿಂದ ಏನು ತೆಗೆದುಕೊಳ್ಳಬಹುದು

ಒಂದು ಪ್ರಕರಣದಿಂದ ಯಾವುದು ಎಷ್ಟು ಕೆಲಸ ಮಾಡಿತು ಅಂತ ಬಿಡಿಸಿ ಹೇಳಲಾಗದು. ಔಷಧಿ, ಮಾತ್ರೆ ಬಿಟ್ಟದ್ದು, ನಿದ್ದೆ, ಮನೆಯ ಕೆಲಸ ಹಂಚಿಕೆ, ಮನೋಚಿಕಿತ್ಸೆ ಎಲ್ಲ ಒಟ್ಟಿಗೆ ಇತ್ತು. ದೊಡ್ಡ ಅಧ್ಯಯನಗಳೂ ಒಂದೇ ಮಾತು ಹೇಳುತ್ತಿಲ್ಲ. 2000ದಲ್ಲಿ ಅಮೆರಿಕದ ನರವಿಜ್ಞಾನ ಅಕಾಡೆಮಿ ಪ್ರಕಟಿಸಿದ ಮಾರ್ಗಸೂಚಿ ದೇಹ ಸಡಿಲಿಸುವ ಅಭ್ಯಾಸ, ಬಯೋಫೀಡ್‌ಬ್ಯಾಕ್ (ಬೆರಳಿನ ತಾಪಮಾಪಕದ ಹಾಗೆ ದೇಹದ ಅಂಕಿ ನೋಡುತ್ತಾ ಅದನ್ನು ಬದಲಿಸಲು ಕಲಿಯುವುದು), ಅರಿವಿನ ವರ್ತನಾ ಚಿಕಿತ್ಸೆ (ಯೋಚನೆ, ನಡವಳಿಕೆ ಎರಡನ್ನೂ ಬದಲಿಸುವ ಮಾತಿನ ಚಿಕಿತ್ಸೆ) ಇವನ್ನು ಮೈಗ್ರೇನ್ ತಡೆಗೆ ಬಳಸಬಹುದು ಅಂತ ಒಪ್ಪಿತ್ತು. 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ದೀರ್ಘಕಾಲಿಕ (ಕ್ರಾನಿಕ್) ಮೈಗ್ರೇನ್ ಇದ್ದ 10ರಿಂದ 17 ವರ್ಷದ 135 ಮಕ್ಕಳಿಗೆ ಅಮಿಟ್ರಿಪ್ಟಿಲಿನ್ ಕೊಟ್ಟು, ಅರ್ಧ ಜನಕ್ಕೆ ಅರಿವಿನ ವರ್ತನಾ ಚಿಕಿತ್ಸೆ, ಉಳಿದವರಿಗೆ ತಲೆನೋವಿನ ತಿಳಿವಳಿಕೆ ಕೊಟ್ಟರು. ಚಿಕಿತ್ಸೆ ಸೇರಿದ ಗುಂಪಿನಲ್ಲಿ ನೋವಿನ ದಿನ ತಿಂಗಳಿಗೆ 11.5ರಷ್ಟು ಇಳಿಯಿತು, ಇನ್ನೊಂದರಲ್ಲಿ 6.8. ಆದರೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆ ದೊಡ್ಡವರ ಮೇಲಿನ 21 ಅಧ್ಯಯನ ಒಟ್ಟುಗೂಡಿಸಿ, ನೋವಿನ ದಿನ ಇಳಿಯುತ್ತದೆ ಅನ್ನಲು ಗಟ್ಟಿ ಆಧಾರ ಸಿಗಲಿಲ್ಲ, ಇರುವ ಅಧ್ಯಯನಗಳ ಗುಣಮಟ್ಟವೇ ಸಾಲದು ಅಂದಿತು. ನನ್ನ ಬಳಿ ಬರುವವರಿಗೆ ಈ ಎರಡನ್ನೂ ಹೇಳುತ್ತೇನೆ. ಮೈಗ್ರೇನ್ ವಾಸಿ ಮಾಡುತ್ತೇನೆ ಅಂತ ಹೇಳುವುದಿಲ್ಲ.

ಇದೇ ಕೆಲಸ ಮಾಡುವವರಿಗೆ ನಾನು ಹೇಳುವುದು, ಮಾತ್ರೆ ಎಷ್ಟು ಅಂತ ಮಾತ್ರ ಕೇಳಬೇಡಿ, ಯಾಕೆ ಅಂತಲೂ ಬರೆಸಿ. ಔಷಧಿ ಬರೆಯುವ ಡಾಕ್ಟರ ಜೊತೆ ನೇರ ಮಾತಾಡಿ, ರೋಗಿಯನ್ನು ನಡುವೆ ಅಂಚೆಯವರನ್ನಾಗಿ ಮಾಡಬೇಡಿ. ಮನೆಯಲ್ಲಿ ಇನ್ನೊಬ್ಬ ಹೆಂಗಸಿಗೆ ಇದೇ ನೋವು ಇತ್ತಾ ಅಂತ ಅವರ ಎದುರೇ ಕೇಳಿ ನೋಡಿ. ಡಾಕ್ಟರುಗಳಲ್ಲಿ ಒಂದೇ ಕೋರಿಕೆ: ನಮ್ಮ ಬಳಿ ಕಳಿಸುವಾಗ "ಟೆನ್ಷನ್" ಅನ್ನುವ ಬದಲು "ಇದು ಮೈಗ್ರೇನ್, ಔಷಧಿಯ ಜೊತೆ ಇದೂ ಚಿಕಿತ್ಸೆಯ ಭಾಗ" ಅಂತ ಹೇಳಿ ಕಳಿಸಿ. ಊರಿನಲ್ಲಿ ಮನಶ್ಶಾಸ್ತ್ರಜ್ಞರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಭಯ, ನಿದ್ದೆಯ ವಿಷಯಕ್ಕೆ ಅಲ್ಲಿಂದಲೂ ಶುರುಮಾಡಬಹುದು.

ಲತಾ ಈಗ ಮೂರು ತಿಂಗಳಿಗೊಮ್ಮೆ ಬರುತ್ತಾರೆ. ನೋವು ತಿಂಗಳಿಗೆ ಐದಾರು ದಿನ ಇದೆ. ಅಮಿಟ್ರಿಪ್ಟಿಲಿನ್ ಇಳಿಸಬಹುದಾ ಅಂತ ಕೇಳಿದ್ದಾರೆ. ಇನ್ನೊಂದು ಕುಯಿಲು ದಾಟಲಿ, ಆಮೇಲೆ ನೋಡೋಣ ಅಂತ ಮೈಸೂರಿನ ತಜ್ಞರು ಹೇಳಿದ್ದಾರೆ. ಮಗಳಿಗೆ ಈ ವರ್ಷ ಎರಡು ಸಲ ಅದೇ ಬಗೆಯ ತಲೆನೋವು ಬಂದಿದೆ. ಅವಳನ್ನು ಮೊದಲನೆಯ ಸಲಕ್ಕೇ ಡಾಕ್ಟರಿಗೆ ತೋರಿಸಿದರು, ಅವಳ ಹೆಸರಿನಲ್ಲೂ ಒಂದು ಪುಟಕ್ಕೆ ಗೆರೆ ಹಾಕಿದ್ದಾರೆ.